ಹೋಗ್ರಿ, ಮತ್ತೆ ಬರಬ್ಯಾಡ್ರಿ

ಹರಿಹರದ ನಮ್ಮ ಓಣಿಯಲ್ಲಿ ಆ ಚಳಿಗಾಲ ಗುಲ್ನಾಜಳ ಕೈಗೆ ಸುಮ್ಮನೆ ಕೈ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊಟ್ಟರೆ ಮುಗಿಯಿತು, ಅವಳ ಬೆರಳುಗಳು ಸರಕ್ಕನೆ ಮಣಿಕಟ್ಟಿಗೆ ಜಾರಿ ನಾಡಿ ಹಿಡಿದುಬಿಡುತ್ತಿದ್ದವು. ಸೊಪ್ಪು ಮಾರುವ ಉಚ್ಚೆಂಗಪ್ಪ ಒಂದು ದಿನ ಕೊತ್ತಂಬರಿ ಸಿವುಡು ನೀಡಿದವನು ಕೈ ಬಿಡಿಸಿಕೊಳ್ಳಲಾಗದೆ ನಿಂತು, “ಸಿಸ್ಟರ್, ನಾ ಸೊಪ್ಪು ಮಾರಾಕೆ ಬಂದೀನಿ, ಬದುಕೀನೋ ಇಲ್ಲೋ ಕೇಳಾಕಲ್ಲ” ಎಂದ. ಓಣಿ ನಕ್ಕಿತು. ಗುಲ್ನಾಜಳೂ ನಕ್ಕಳು. ನಕ್ಕು ಒಳಗೆ ಹೋದವಳು ತೊಳೆದಿಟ್ಟ ಚಮಚಗಳನ್ನೇ ಮತ್ತೊಮ್ಮೆ ತೊಳೆದು, ಬಿಳಿ ಬಟ್ಟೆಯ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟಳು. ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಚಿಮಟ ಜೋಡಿಸುತ್ತಾರಲ್ಲ, ಹಾಗೆ.

ಕೆಲಸ ತಪ್ಪಿದ ಕೈಗೆ ಮನೆಯೆಲ್ಲಾ ಆಸ್ಪತ್ರೆಯಾಗಿ ಕಾಣುತ್ತದೆ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಅವಳು ಸೇರಿದ್ದು ನಮ್ಮೂರಿನ ಹಳೆಯ ನರ್ಸಿಂಗ್ ಹೋಮಿಗೆ. ಕೆನ್ನೆಯ ಪಕ್ಕದ ಕೂದಲು ನೆರೆಯುವ ತನಕ ಅಲ್ಲೇ ಇದ್ದಳು. ಓಣಿಯ ಅರ್ಧ ಮಕ್ಕಳು ಭೂಮಿಗೆ ಬಿದ್ದಾಗ ಮೊದಲು ಮುಟ್ಟಿದ್ದು ಅವಳ ಕೈ. ದೊಡ್ಡ ಡಾಕ್ಟರಿಗೆ ಕಣ್ಣು ಮಂಜಾಗಿ, ಇನ್ನು ಸಾಕು ಎಂದು ಬಾಗಿಲು ಹಾಕಿದರು. ಈಗ ಅಲ್ಲಿ ಬಟ್ಟೆ ಅಂಗಡಿ. ಬಾಣಂತಿಯರ ಮಂಚಗಳಿದ್ದ ಕಡೆ ಸೀರೆ ಉಟ್ಟ ಬೊಂಬೆಗಳು ನಿಂತಿವೆ. ಗುಲ್ನಾಜ್ ಆ ಬೀದಿ ತಪ್ಪಿಸಿ ಸುತ್ತುಹಾಕಿಕೊಂಡು ಹೋಗುತ್ತಿದ್ದಳು.

ಗಂಡ ಖುದ್ದೂಸ್ ಗಾದಿ ಹೊಲಿಯುವವನು. ಮನೆಯ ಮುಂಭಾಗದಲ್ಲೇ ಅಂಗಡಿ, ಹತ್ತಿ ಹಿಂಜುವ ಯಂತ್ರ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ನೋಡ್ರಿ, ನಮ್ಮಾಕಿ ದಿನಕ್ಕೆ ಮೂರು ಸಲ ನನ್ನ ಬಿ.ಪಿ. ನೋಡ್ತಾಳೆ. ನೋಡಿ ನೋಡಿ ಬರಾಕತ್ತೈತೆ” ಎಂದು ಬಂದ ಗಿರಾಕಿಗೆಲ್ಲ ಹೇಳುವನು.

ಖುದ್ದೂಸನ ತಮ್ಮ ಸೈಫುಲ್ಲಾನದು ಔಷಧಿ ಅಂಗಡಿ. ಅವನು ಅತ್ತಿಗೆಗೆ ಒಂದು ದಾರಿ ತೋರಿಸಿದ. “ಭಾಬಿ, ನಮ್ಮ ಕೌಂಟರ್‌ನಾಗೆ ಕೂಡ್ರಿ. ಔಷಧಿ ಹೆಸರು ನಿಮಗೆ ಬಾಯಿಪಾಠ. ನೆರಳು ಐತೆ, ಫ್ಯಾನ್ ಐತೆ. ಬಿಳಿ ಕೋಟು ಇಲ್ಲೂ ಹಾಕ್ಕೋಬಹುದು.”

ತಪ್ಪು ಮಾತೇನಲ್ಲ. ಆದರೆ ಗುಲ್ನಾಜಳಿಗೆ ಅದು ರುಚಿಸಲಿಲ್ಲ. ಒಮ್ಮೆ ಕೌಂಟರಿನ ಹಿಂದೆ ಕೂತರೆ ಮುಗಿಯಿತು, ಇನ್ನು ಮಂಚದ ಪಕ್ಕ ನಿಲ್ಲುವ ದಿನ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೋಟು ಉಳಿಯುತ್ತದೆ, ನರ್ಸ್ ಉಳಿಯುವುದಿಲ್ಲ. ಆದರೂ ಬಾಯಿಬಿಟ್ಟು ಕರೆದವನಿಗೆ ಇಲ್ಲವೆನ್ನಲಾಗದೆ ಒಂದು ಬೆಳಿಗ್ಗೆ ಹೋಗಿ ಕೂತಳು.

ಮೊದಲು ಬಂದ ಹೆಂಗಸು ಹಳೆಯ ಪೇಷಂಟೇ. ಗುಲ್ನಾಜ್ ಮಾತ್ರೆಯ ಪೊಟ್ಟಣ ಕೈಗಿಟ್ಟು, ರೂಢಿಯಂತೆ, “ಹೋಗ್ರಿ, ಮತ್ತೆ ಬರಬ್ಯಾಡ್ರಿ” ಎಂದಳು.

ಆ ಹೆಂಗಸು ಮುಖವರಳಿಸಿ, “ಹೋಗ್ತೀನಿ ಸಿಸ್ಟರ್, ಮತ್ತೆ ಬರಂಗಿಲ್ಲ” ಎಂದು ಹೊರಟಳು.

ಸೈಫುಲ್ಲಾ ಏಣಿಯ ಮೇಲಿಂದ ಅರ್ಧ ಇಳಿದವನು ಅಲ್ಲೇ ನಿಂತ. “ಭಾಬಿ, ಅಂಗಡಿ ಮುಚ್ಚಿಸ್ತೀರೇನು? ಬಿಲ್ಲಿನ ಕೆಳಗೆ ಏನ್ ಅಚ್ಚು ಹಾಕಿಸೀನಿ ನೋಡ್ರಿ. ವಂದನೆಗಳು, ಮತ್ತೆ ಬನ್ನಿ ಅಂತೈತೆ.”

“ಬಾಯಿ ತಪ್ಪಿ ಬಂತಪ್ಪ.”

“ನಿಮ್ಮ ಬಾಯಿ ಇನ್ನೂ ಆಸ್ಪತ್ರ್ಯಾಗೇ ಐತೆ. ಅದನ್ನ ಇಲ್ಲಿಗೆ ಕರ್ಕೊಂಡು ಬರ್ರಿ. ಮುಂದಿನ ಶುಕ್ರವಾರ ಜುಮ್ಮಾ ನಮಾಜಿನೊಳಗೆ ಹೂಂ ಅಥವಾ ಇಲ್ಲ ಹೇಳಿಬಿಡ್ರಿ, ಇಲ್ಲಂದ್ರೆ ಬೇರೆಯವ್ರನ್ನ ಕೂಡಿಸ್ತೀನಿ.”

‘ಮತ್ತೆ ಬರಬ್ಯಾಡ್ರಿ’ ಎಂಬ ಮಾತಿನ ಮೂಲ ಹಳೆಯದು. ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎಂದು ಬಿಡುಬೀಸಾಗಿ ಅನ್ನುವುದಿಲ್ಲ. ‘ಹೋಗಿ ಬರ್ತೀನಿ’ ಅನ್ನಬೇಕು. ಕಳಿಸುವವರೂ ‘ಹೋಗಿ ಬರ್ರಿ’ ಅನ್ನಬೇಕು. ಗುಲ್ನಾಜ್ ನರ್ಸಿಂಗ್ ಹೋಮಿಗೆ ಹೊಸದಾಗಿ ಸೇರಿದಾಗ, ಜ್ವರ ಬಿಟ್ಟು ಮನೆಗೆ ಹೊರಟವನೊಬ್ಬನಿಗೆ ಅದೇ ಮರ್ಯಾದೆಯಿಂದ “ಹೋಗಿ ಬರ್ರಿ” ಎಂದಳು. ಅವನ ತಾಯಿ ಆಸ್ಪತ್ರೆ ಹಾರಿಹೋಗುವಂತೆ ಬೈದಳು. ಆಯಾ ಗಿರಿಯಮ್ಮ ಹುಡುಗಿಯನ್ನು ಪಕ್ಕಕ್ಕೆ ಕರೆದು, “ಇದೇನು ಬೀಗರ ಮನೀನಾ ತಾಯಿ, ಬರ್ರಿ ಅನ್ನಾಕೆ? ಮತ್ತೆ ಬರಬ್ಯಾಡ್ರಿ ಅನ್ನು. ಅವ್ರ ಬಾಯಲ್ಲೂ ಬರಂಗಿಲ್ಲ ಅನ್ನಿಸು” ಎಂದಳು. ಅಂದಿನಿಂದ ಗುಲ್ನಾಜ್ ಯಾರನ್ನೂ ಆ ಮಾತಿಲ್ಲದೆ ಕಳಿಸುತ್ತಿರಲಿಲ್ಲ. ಬಿಲ್ಲು ಮುಗಿದು, ಗಂಟುಮೂಟೆ ಆಟೋಕ್ಕೆ ಏರಿದ ಮೇಲೂ ಜನ ಕಾದು ನಿಲ್ಲುತ್ತಿದ್ದರು, ಗುಲ್ನಾಜ್ ಸಿಸ್ಟರ್ ಬಂದು ಆ ಮಾತು ಅನ್ನಲಿ ಎಂದು. ಅವಳು ಅನ್ನಬೇಕು, ಅವರು ತಿರುಗಿ ಅನ್ನಬೇಕು, ಆಮೇಲೆ ಆಟೋ ಹೊರಡಬೇಕು.

ಆ ಶನಿವಾರ ಲತಾಳ ಫೋನು ಬಂತು. ಲತಾ ಹಿಂದೆ ಗುಲ್ನಾಜಳ ಕೈ ಕೆಳಗೆ ಸೂಜಿ ಹಿಡಿಯಲು ಕಲಿತ ಹುಡುಗಿ. ಈಗ ದಾವಣಗೆರೆಯಲ್ಲಿ, ನಿಜಲಿಂಗಪ್ಪ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಒಂದು ಹೊಸ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ. “ಅಕ್ಕ, ನಮ್ಮಲ್ಲಿ ಜನರಲ್ ವಾರ್ಡಿಗೆ ಒಬ್ರು ಬೇಕಂತೆ. ಇಂಟರ್‌ವ್ಯೂ ಸೋಮವಾರ. ಬರ್ರಿ.”

ಗುಲ್ನಾಜ್ ಅದಕ್ಕೆ ಮೊದಲೇ ಒಂದು ಕಡೆ ಇಂಟರ್‌ವ್ಯೂಗೆ ಹೋಗಿ ಬಂದಿದ್ದಳು. ಅಲ್ಲಿ ಸಾಲಾಗಿ ಕೂತ ಹುಡುಗಿಯರೆಲ್ಲಾ ಅವಳ ಅರ್ಧ ವಯಸ್ಸಿನವರು. ಬಾಗಿಲಲ್ಲಿದ್ದವನು, “ಮಗಳು ಒಳಗೆ ಹೋಗ್ಯಾಳೇನ್ರಿ? ನೀವು ಹೊರಗೆ ಕೂಡ್ರಿ” ಎಂದಿದ್ದ. ಒಳಗೆ ಹೋದಾಗ ಕೇಳಿದ್ದೆಲ್ಲಾ ಇಂಗ್ಲಿಷು. ಅವಳ ನಾಲಗೆ ಅಂಟಿಕೊಂಡು, ಗೊತ್ತಿದ್ದುದೂ ಗಂಟಲಿಳಿದು ಹೋಗಿತ್ತು.

ಹಾಗಾಗಿ ಭಾನುವಾರ ಲತಾ ಹರಿಹರಕ್ಕೇ ಬಂದು ಗಾದಿ ಅಂಗಡಿಯಲ್ಲಿ ಪಾಠ ಹೂಡಿದಳು. ಖುದ್ದೂಸ್ ಗಾದಿಯ ಒಟ್ಟಿಲ ಮೇಲೆ ಸಾಹೇಬನಂತೆ ಕೂತ. ಮೀಸೆಯ ತುಂಬಾ ಹತ್ತಿ.

“ನಿಮ್ಮ ಬಗ್ಗೆ ಹೇಳ್ರಿ ಅಂತಾರೆ ಅಕ್ಕ. ಏನಂತೀರಿ?”

“ಮೈಸೆಲ್ಫ್ ಗುಲ್ನಾಜ್...”

“ಮೈಸೆಲ್ಫ್ ಬ್ಯಾಡ. ಐ ಆ್ಯಮ್ ಅನ್ರಿ.”

“ನಿನಗೆ ಸೂಜಿ ಹಿಡಿಯಾಕೆ ಕಲಿಸಿದಾಕಿ ನಾನು. ನನಗೆ ಐ ಆ್ಯಮ್ ಕಲಿಸ್ತೀಯಾ?”

“ಆವಾಗ ನಾನೂ ಹಿಂಗೇ ಮುಖ ಊದಿಸಿದ್ದೆ. ನೀವು ಬಿಟ್ಟಿದ್ರೇನು?”

ಖುದ್ದೂಸ್ ಗಂಟಲು ಸರಿಮಾಡಿಕೊಂಡು, “ವೈ ಯು ಲೀವ್ ಓಲ್ಡ್ ಜಾಬ್?” ಎಂದ.

“ಡಾಕ್ಟ್ರು ಬಿಟ್ರು, ನಾ ಬಿಡಲಿಲ್ಲ.”

“ಇಂಗ್ಲಿಷ್, ಇಂಗ್ಲಿಷ್.”

“ಡಾಕ್ಟರ್ ಲೆಫ್ಟ್. ಐ ನಾಟ್ ಲೆಫ್ಟ್.”

ಲತಾ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. “ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ ಅಂತ ಕೇಳ್ತಾರೆ ಅಕ್ಕ. ಅದೊಂದು ಸರಿಯಾಗಿ ಹೇಳಬೇಕು.”

“ಇದೇ ಓಣ್ಯಾಗೆ,” ಎಂದ ಖುದ್ದೂಸ್. “ಎಲ್ಲಿಗೆ ಹೋಗ್ತಾಳೆ?”

ಆಡುತ್ತಾ ಆಡುತ್ತಾ ಸಂಜೆಯಾಯಿತು. ಲತಾ ಬಸ್ಸು ಹತ್ತಿದ ಮೇಲೂ ಗುಲ್ನಾಜ್ ಕೂರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ, ಬೆಂಕಿ ತುಳಿದವಳಂತೆ ಓಡಾಡುತ್ತಾ ‘ಐ ಆ್ಯಮ್, ಐ ಆ್ಯಮ್’ ಎಂದು ಗೊಣಗುತ್ತಲೇ ಇದ್ದಳು.

ಸೋಮವಾರ ದಾವಣಗೆರೆಯಲ್ಲಿ ಅವಳೆದುರು ಇಬ್ಬರು ಕೂತಿದ್ದರು. ಒಬ್ಬ ರಾಜಕುಮಾರ್. ಆಸ್ಪತ್ರೆಯ ಆಡಳಿತದವನು, ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಇದ್ದು ಬಂದವನು, ನಯ ವಿನಯದ ಮನುಷ್ಯ. ಇನ್ನೊಬ್ಬಳು ನರ್ಸುಗಳ ಮೇಲಿನ ಮೇಟ್ರನ್. ಜಗಳೂರು ಕಡೆಯ ಗಟ್ಟಿ ಹೆಂಗಸು, ನೋಟದಲ್ಲೇ ತೂಗುವವಳು. ಗುಲ್ನಾಜಳಿಗೆ ‘ಐ ಆ್ಯಮ್’ ಸರಿಯಾಗಿಯೇ ಬಂತು. ವೆಂಟಿಲೇಟರ್ ನಡೆಸಿದ್ದೀರಾ ಎಂದಾಗ, “ಇಲ್ಲ ಸಾರ್. ಕಲಿಸಿದ್ರೆ ಕಲಿತೀನಿ” ಎಂದಳು.

ಮೇಟ್ರನ್ ಕನ್ನಡದಲ್ಲಿ ಕೇಳಿದಳು. “ಒಬ್ಬ ಮುದುಕಪ್ಪ ಡ್ರಿಪ್ ಕಿತ್ತು ಬಿಸಾಕಿ, ಊರಿಗೆ ಹೋಗ್ತೀನಿ ಅಂತ ಎದ್ದು ನಿಂತಾನೆ. ಏನ್ ಮಾಡ್ತೀರಿ?”

“ಒಂದು ಕೈಲಿ ರಕ್ತ ಬರೋ ಜಾಗ ಒತ್ತಿ ಹಿಡ್ಕೊಂತೀನಿ ಮೇಡಂ. ಇನ್ನೊಂದು ಕೈಲಿ ಅವ್ರ ಚಪ್ಪಲಿ ಹುಡುಕ್ತೀನಿ.”

“ಚಪ್ಪಲಿ ಯಾಕ?”

“ಹುಡುಕ್ತಾ ಹುಡುಕ್ತಾ ಯಾವೂರು ಅಂತ ಕೇಳ್ತೀನಿ. ಊರಿನ ಸುದ್ದಿ ಬಂತಂದ್ರೆ ಹಿರ್ಯಾರು ಕೂತ್ಕೊಂತಾರೆ. ಚಪ್ಪಲಿ ಮಾತ್ರ ಸಿಗಂಗಿಲ್ಲ.”

ಮೇಟ್ರನ್ ತುಟಿಯ ಮೂಲೆ ಒಂದಿಷ್ಟು ಸಡಿಲಾಯಿತು. ಅಷ್ಟರಲ್ಲಿ ಒಬ್ಬ ಹುಡುಗಿ ಓಡಿಬಂದು ಕರೆದಳು, ಮೇಟ್ರನ್ ಎದ್ದು ವಾರ್ಡಿಗೆ ಹೋದಳು. ರಾಜಕುಮಾರ್ ಕಡತ ಮುಚ್ಚಿದ. “ನಿಮ್ಮ ಜೊತೆ ಮಾತಾಡಿ ಸಂತೋಷ ಆಯ್ತು. ಬಹುಶಃ ನಾಳೇನೇ ಕರೀಬಹುದು. ಸರಿ, ಹೋಗಿ ಬನ್ನಿ.”

ಅಷ್ಟು ದಿನದ ಬಿಗಿ ಒಮ್ಮೆಲೇ ಬಿಟ್ಟಿತು. ಸ್ಪಿರಿಟ್ಟಿನ ವಾಸನೆ, ಬಿಳಿ ಗೋಡೆ, ಹಿಂದೆ ಎಲ್ಲೋ ಟ್ರಾಲಿಯ ಚಕ್ರದ ಸದ್ದು. ಆಸ್ಪತ್ರೆಯಿಂದ ಕಳಿಸುವ ಮಾತು ಕಿವಿಗೆ ಬಿದ್ದೊಡನೆ, ಎಷ್ಟೋ ವರ್ಷ ಬೇರೆಯವರ ಬಾಯಲ್ಲಿ ಅನ್ನಿಸಿದ ಉತ್ತರ ಅವಳ ಬಾಯಿಂದ ತಾನಾಗಿ ಉರುಳಿತು. ಕೈ ಮುಗಿದು, ನಗುನಗುತ್ತಾ ಅಂದಳು: “ಹೋಗ್ತೀನಿ ಸಾರ್, ಮತ್ತೆ ಬರಂಗಿಲ್ಲ.”

ಅಂದದ್ದು ಅವಳಿಗೇ ತಿಳಿಯಲಿಲ್ಲ. ರಾಜಕುಮಾರನ ಮುಖ ಕಪ್ಪಿಟ್ಟಿದ್ದನ್ನೂ ನೋಡಲಿಲ್ಲ. ಹೂವಿನಂತೆ ಹಗುರಾಗಿ ಮೆಟ್ಟಿಲಿಳಿದು, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು.

ನಡುದಾರಿಯ ಹಳ್ಳಿ ಬಾತಿ ಬಂದಾಗ ಪಕ್ಕದಲ್ಲಿದ್ದ ಹೆಂಗಸು ಇಳಿಯಲು ಎದ್ದಳು. ದಾರಿಯುದ್ದಕ್ಕೂ ಮಾತಾಡಿದ ಋಣಕ್ಕೆ, “ಬರ್ತೀನ್ರಿ ಅಕ್ಕಾರೆ” ಎಂದಳು.

“ಹೋಗಿ ಬರ್ರಿ,” ಎಂದಳು ಗುಲ್ನಾಜ್.

ಎಂದವಳು ಹಾಗೇ ಬಾಯಿ ತೆರೆದುಕೊಂಡು ಉಳಿದಳು. ಅವರು ಹೋಗಿ ಬನ್ನಿ ಅಂದರು. ತಾನು ಏನಂದೆ?

ಬಸ್ಸು ಚಲಿಸಿತ್ತು. “ನಿಲ್ಲಿಸ್ರಿ, ಇಳಿಬೇಕು” ಎಂದು ಎದ್ದವಳಿಗೆ ಕಂಡಕ್ಟರ್, “ನಿದ್ದಿ ಮಾಡಿದ್ರೇನ್ರಿ? ಊರು ಬಂದಾಗ ಇಳೀಬೇಕು, ಹೋದ್ಮೇಲಲ್ಲ” ಎಂದು ಸೀಟಿ ಊದಿದ. ಬಾತಿ ಕೆರೆಯ ಪಕ್ಕ ಇಳಿದು ಲತಾಳಿಗೆ ಫೋನು ಮಾಡಿದಳು. ಕೇಳಿಸಿಕೊಂಡ ಲತಾ, “ಅಕ್ಕ, ಎಲ್ಲಾ ಕಲಿಸಿದೆ. ಹೊರಗೆ ಬರೋದು ಕಲಿಸಲಿಲ್ಲ ನೋಡ್ರಿ” ಎಂದಳು.

ಎದುರು ದಿಕ್ಕಿನ ಬಸ್ಸೊಂದು ತುಂಬಿಕೊಂಡು ನಿಲ್ಲದೆ ಹೋಯಿತು. ನಿಂತಲ್ಲಿ ನಿಲ್ಲಲಾರದೆ ಗುಲ್ನಾಜ್ ದಾವಣಗೆರೆಯ ಕಡೆ ನಡೆಯತೊಡಗಿದಳು. ಲಾರಿಗಳ ಗಾಳಿಗೆ ಸೆರಗು ತಲೆಯಿಂದ ಜಾರುತ್ತಿತ್ತು, ಎಳೆದುಕೊಳ್ಳುತ್ತಾ ನಡೆದಳು. ಹಿಂದಿನಿಂದ ಬಂದ ಬಸ್ಸು ಕೈ ಅಡ್ಡ ಮಾಡಿದ್ದಕ್ಕೆ ನಿಂತಿತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಗುರುತು ಹಿಡಿದ. “ಏನಾರ ಬಿಟ್ಟು ಹೋಗಿದ್ರೇನ್ರಿ?”

“ಒಂದು ಮಾತು ಬಿಟ್ಟು ಹೋಗೀನಪ್ಪ. ವಾಪಸ್ ತಗೊಬೇಕು.”

ರಾಜಕುಮಾರ್ ನಯವಾಗಿಯೇ ಹೇಳಿದ. “ನೀವೇ ಬರಲ್ಲ ಅಂದ್ರಿ. ಕೆಲಸ ಇಷ್ಟ ಇಲ್ಲ ಅನ್ಕೊಂಡು ಇನ್ನೊಬ್ಬರಿಗೆ ಫೋನ್ ಮಾಡಿದೆ. ಅವರು ಒಪ್ಪಿಕೊಂಡಾಯ್ತು.”

ಗುಲ್ನಾಜ್ ನಿಂತೇ ಎಲ್ಲಾ ಹೇಳಿದಳು. ಗಿರಿಯಮ್ಮನಿಂದ ಹಿಡಿದು ಆಟೋದವರೆಗೆ. ರಾಜಕುಮಾರನಿಗೆ ತಲೆಬುಡ ತಿಳಿಯಲಿಲ್ಲ. “ಹೋಗುವವರಿಗೆ ಮತ್ತೆ ಬರಬೇಡಿ ಅಂತೀರಾ? ನಾವು ಹೋಟೆಲಲ್ಲಿ ಹಾಗಂದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು.”

ಬಾಗಿಲಲ್ಲಿ ಮೇಟ್ರನ್ ಬಂದು ನಿಂತಿದ್ದಳು. ಕೇಳಿ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೊರೆಸಿಕೊಂಡಳು. “ಸಾರ್, ನಮ್ಮ ಕಡೆ ಆಸ್ಪತ್ರೆಯಿಂದ ಹೋಗೋರಿಗೆ ಬಾ ಅಂದ್ರೆ ಜಗಳಕ್ಕೆ ನಿಲ್ತಾರೆ. ಈಕಿ ಆಡಿದ್ದು ಸರಿಯಾದ ಮಾತು. ಕುರ್ಚಿ ಮಾತ್ರ ತಪ್ಪಿತು.” ಆಮೇಲೆ ನಗು ನಿಲ್ಲಿಸಿ, “ಆದ್ರೆ ಮಾತು ಕೊಟ್ಟ ಮೇಲೆ ವಾರ್ಡಿನ ಜಾಗ ಹೋದಂಗೇ. ಆ ಹುಡುಗೀನ ಬ್ಯಾಡ ಅನ್ನಾಕೆ ಬರಂಗಿಲ್ಲ” ಎಂದಳು.

ಗುಲ್ನಾಜ್ ತಲೆಯಾಡಿಸಿದಳು. ಅದು ನ್ಯಾಯವೇ. ಆದರೂ ಕಾಲು ಹೊರಡಲಿಲ್ಲ. ಮೇಟ್ರನ್ ಅವಳನ್ನು ಅಡಿಯಿಂದ ಮುಡಿಗೆ ನೋಡಿ, “ಬರ್ರಿ ನನ್ನ ಜೊತೆ” ಎಂದು ಕೆಳಗಿನ ಅಂತಸ್ತಿನ ಒಂದು ಗಾಜಿನ ಬಾಗಿಲಿಗೆ ಕರೆದೊಯ್ದಳು.

ಅದು ಡಯಾಲಿಸಿಸ್ ಕೋಣೆ. ಕಿಡ್ನಿ ಕೈಕೊಟ್ಟವರು ಅಲ್ಲಿ ಮಲಗಿದ್ದರು, ಪಕ್ಕದ ಯಂತ್ರಗಳು ಅವರ ರಕ್ತ ಹೊರಗೆಳೆದು, ತೊಳೆದು, ಮತ್ತೆ ಒಳಗೆ ಕಳಿಸುತ್ತಿದ್ದವು. “ಇಲ್ಲಿದ್ದ ಹುಡುಗಿ ಬಿಟ್ಟು ಹೋಗ್ಯಾಳೆ. ಇಲ್ಲಿ ಬಹಳ ಜನ ನಿಲ್ಲಂಗಿಲ್ಲ. ಯಂತ್ರ ಕಲಿಸ್ತೀವಿ, ಅದು ದೊಡ್ಡದಲ್ಲ. ಇವೇ ಮುಖ ವಾರಕ್ಕೆ ಎರಡು ಸಲ, ಮೂರು ಸಲ, ವರ್ಷಗಟ್ಟಲೆ ನೋಡಬೇಕು. ಅದು ದೊಡ್ಡದು. ಮತ್ತೆ ನಿಮ್ಮ ಆ ಮಾತು, ಬರಬ್ಯಾಡ್ರಿ ಅನ್ನೋದು, ಅದನ್ನ ಈ ಬಾಗಿಲ ಹೊರಗೇ ಬಿಟ್ಟು ಬರಬೇಕು. ಇಲ್ಲಿಗೆ ಬರೋದು ತಪ್ಪಿಸಿದೋರು ಉಳಿಯಂಗಿಲ್ಲ. ನಾಳೆ ಒಂದು ದಿನ ನಿಂತು ನೋಡ್ರಿ. ಸಂಜಿಗೆ ನೀವೂ ಹೇಳ್ರಿ, ನಾನೂ ಹೇಳ್ತೀನಿ.”

ಆ ರಾತ್ರಿ ಊಟಕ್ಕೆ ಕೂತಾಗ ಖುದ್ದೂಸ್ ಎಲ್ಲಾ ಕೇಳಿ, “ಅಷ್ಟೇನಾ? ನಾ ಬೀಡಿ ತರಾಕೆ ಹೋಗ್ತೀನಿ, ನನ್ನ ಮೇಲೆ ಅಭ್ಯಾಸ ಮಾಡು” ಎಂದು ಎದ್ದ. “ಹೋಗಿ ಬರ್ರಿ” ಎಂದಳು ಗುಲ್ನಾಜ್. ಮನೆಯ ಹೊಸ್ತಿಲಲ್ಲಿ ಸರಾಗವಾಗಿ ಬಂತು. ಅವಳ ಹೆದರಿಕೆ ಮನೆಯದಲ್ಲ. ಸ್ಪಿರಿಟ್ಟಿನ ವಾಸನೆ ಹೊಡೆದಾಗ ನಾಲಗೆ ಯಾರ ಮಾತು ಕೇಳುತ್ತದೋ.

ಮಂಗಳವಾರ ಬೆಳಿಗ್ಗೆ ಮೊದಲ ಮಂಚಕ್ಕೆ ಬಂದವನು ಆನಗೋಡಿನ ಸಣ್ಣತಿಮ್ಮಪ್ಪ. ಹಿಂದೆ ಬುತ್ತಿ ಚೀಲ ಹೊತ್ತ ಹೆಂಡತಿ ಕಮಲಕ್ಕ. ಯಂತ್ರ ನಡೆಸುವ ಅಂಜನ್ ಎಂಬ ಹುಡುಗ ಗುಲ್ನಾಜಳಿಗೆ ಒಂದೊಂದೇ ತೋರಿಸುತ್ತಿದ್ದ.

“ಹೊಸಬಳೇನವ್ವಾ?” ಎಂದ ಸಣ್ಣತಿಮ್ಮಪ್ಪ. “ಮೊದಲಿನಾಕಿ ಎಲ್ಲಿ? ನಮ್ಮ ಮುಖ ನೋಡಿ ನೋಡಿ ಬ್ಯಾಸರಾತೇನು?”

“ನಿನ್ನ ಮುಖ ನೋಡಿ ನನಗೇ ಬ್ಯಾಸರಾಗೈತೆ, ನಾ ಎಲ್ಲಿಗೆ ಹೋಗ್ಲಿ?” ಎಂದಳು ಕಮಲಕ್ಕ, ಅವನ ಹೊದಿಕೆ ಸರಿಮಾಡುತ್ತಾ.

ಸೂಜಿ ಹಾಕುವ ಮೊದಲು ಅಂಜನ್ ಅಜ್ಜನ ಮುಂಗೈ ತೋರಿಸಿ, “ಇಲ್ಲಿ ಕೈ ಇಟ್ಟು ನೋಡ್ರಿ ಸಿಸ್ಟರ್” ಎಂದ. ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ ಅದು. ಗುಲ್ನಾಜ್ ಬೆರಳಿಟ್ಟಳು. ಒಳಗೆ ರಕ್ತ ಝುಮ್ಮೆಂದು ಮಿಡಿಯುತ್ತಿತ್ತು, ಬಾಗಿಲಾಚೆಯಿಂದ ಕೇಳುವ ಖುದ್ದೂಸನ ಹತ್ತಿ ಯಂತ್ರದಂತೆ. ತಿಂಗಳುಗಟ್ಟಲೆ ಕಂಡಕಂಡವರ ಮಣಿಕಟ್ಟು ಹುಡುಕಿದ ಬೆರಳು ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಸಣ್ಣತಿಮ್ಮಪ್ಪನ ಸರದಿ ಮುಗಿಯಿತು. ಸೂಜಿ ತೆಗೆದು, ಹತ್ತಿ ಒತ್ತಿ, ಪಟ್ಟಿ ಹಾಕಿದ್ದಾಯಿತು. ಅಜ್ಜ ಸೋತು ಸುಣ್ಣವಾಗಿದ್ದ. ಚಪ್ಪಲಿ ಮೆಟ್ಟಿ, ಕಮಲಕ್ಕನ ಭುಜ ಹಿಡಿದು ಎದ್ದು ನಿಂತು, ಹೊರಡುವ ಮುನ್ನ ಒಂದು ಮಾತಿಗೆ ಕಾಯುವವನಂತೆ ಗುಲ್ನಾಜಳ ಕಡೆ ತಿರುಗಿದ. ಗಾಜಿನಾಚೆ ಮೇಟ್ರನ್ ನಿಂತದ್ದು ಅವಳ ಕಣ್ಣಂಚಿಗೆ ಕಂಡಿತು.

“ಹೋಗ್ರಿ ಅಜ್ಜಾರ,” ಎಂದಳು. ನಾಲಗೆ ಹಳೆಯ ದಾರಿ ಹಿಡಿದು ಓಡಿತು. “ಮತ್ತೆ...”

ಅಲ್ಲಿಗೆ ಹಲ್ಲು ಕಚ್ಚಿದಳು. ಕಮಲಕ್ಕ ಕತ್ತೆತ್ತಿದಳು. ಯಂತ್ರಗಳು ಗುಂಯ್‌ಗುಡುತ್ತಿದ್ದವು.

“ಮತ್ತೆ ಬರ್ರಿ,” ಎಂದಳು ಗುಲ್ನಾಜ್. ಆ ಮಾತು ಬಾಯಿ ಸುಟ್ಟಂತೆ ಬಂತು. ಇನ್ನೊಮ್ಮೆ ಅಂದಳು. “ಶುಕ್ರವಾರ ಬರ್ರಿ. ತಪ್ಪಿಸಬ್ಯಾಡ್ರಿ.”

ಸಣ್ಣತಿಮ್ಮಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ನಾ ಬರ್ತೀನವ್ವಾ. ಬರದೆ ಎಲ್ಲಿಗೆ ಹೋಗ್ಲಿ? ನೀ ಇರ್ತೀಯೇನು ಶುಕ್ರವಾರ?”

ಸಂಜೆ ಹೇಳಬೇಕಾದ ಮಾತನ್ನು ಅಜ್ಜ ಮಧ್ಯಾಹ್ನವೇ ಕೇಳಿಬಿಟ್ಟ. ಗುಲ್ನಾಜ್ ಗಾಜಿನ ಕಡೆ ನೋಡಿದಳು. ಮೇಟ್ರನ್ ಮುಖದಿಂದ ಏನೂ ತಿಳಿಯಲಿಲ್ಲ.

“ಇರ್ತೀನ್ರಿ,” ಎಂದಳು.

“ಹಂಗಾರೆ ಒಂದು ರೊಟ್ಟಿ ಹೆಚ್ಚಿಗೆ ಕಟ್ಕೊಂಡು ಬರ್ತೀನಿ,” ಎಂದಳು ಕಮಲಕ್ಕ. ಮುದುಕ ಮುದುಕಿ ಒಬ್ಬರನ್ನೊಬ್ಬರು ಹಿಡಿದು, ಬೈದಾಡುತ್ತಾ ಹೊರಟರು.

ಮೇಟ್ರನ್ ಬಾಗಿಲು ತೆರೆದು ತಲೆಯನ್ನಷ್ಟೇ ಒಳಗೆ ಹಾಕಿದಳು. “ಅಂಜನ್, ಶುಕ್ರವಾರ ಬೆಳಗಿನ ಪಾಳಿಗೆ ಗುಲ್ನಾಜ್ ಹೆಸರು ಹಾಕು. ಜುಮ್ಮಾ ದಿನ ಮಧ್ಯಾಹ್ನ ಒಂದಿಷ್ಟು ಬೇಗ ಬಿಡು, ಮನ್ಯಾಗೆ ಕೆಲಸ ಇರ್ತೈತೆ ಆಕಿಗೆ.”

ಮನೆಯ ಕೆಲಸವೆಂದರೆ ಸೈಫುಲ್ಲಾನಿಗೆ ಇಲ್ಲ ಎನ್ನುವುದೊಂದೇ. ಅದಕ್ಕೆ ಶುಕ್ರವಾರದ ತನಕ ಕಾಯಬೇಕಿರಲಿಲ್ಲ. ಮುಂದಿನ ಸರದಿಯವರು ಆಗಲೇ ಬಂದು ಕೂತು ತೋಳು ಏರಿಸುತ್ತಿದ್ದರು. ಗುಲ್ನಾಜ್ ಕೈ ತೊಳೆದುಕೊಳ್ಳಲು ನಲ್ಲಿಯ ಕಡೆ ಓಡಿದಳು, ‘ಬರ್ರಿ, ಬರ್ರಿ’ ಎಂದು ತನ್ನೊಳಗೇ ಗೊಣಗುತ್ತಾ. ಇನ್ನೂ ಮೂವರನ್ನು ಅವಳು ಅಂದು ಕಳಿಸಿಕೊಡಬೇಕಿತ್ತು.